ಪ್ರತಿಕೃತಿ ರೈಲುಬಂಡಿಗಳಲ್ಲಿ ಯಥಾರ್ಥತೆ: ಅಮೆರಿಕದ ಪದ್ಧತಿ ಮತ್ತು ತಿಪಟೂರು ಮಾರ್ಗದ ಕೊಬ್ಬರಿ ವ್ಯಾಗನ್

ತಿಪಟೂರಿಗೆ ಸಮೀಪದ ಅರಳಗುಪ್ಪೆಯಲ್ಲಿ ಎರಡು ಹಳೆಯ ದೇವಾಲಯಗಳಿವೆ. ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ನರ್ತಿಸುವ ಶಿವನ ರೂಪವನ್ನು ಕಂಡ ಅಭ್ಯಾಸಿಗಳು ಅದನ್ನು ಒಂಬತ್ತನೆಯ ಶತಮಾನದ ಗಂಗ-ನೊಳಂಬ ಶೈಲಿಗೆ ಸೇರಿಸುತ್ತಾರೆ. ಚೆನ್ನಕೇಶವ ದೇವಾಲಯವನ್ನು ಹದಿಮೂರನೆಯ ಶತಮಾನದ ಹೊಯ್ಸಳ ಕೃತಿಯೆಂದು ನಿರ್ಣಯಿಸುತ್ತಾರೆ. ಶಾಸನವಿಲ್ಲದೆಡೆಯಲ್ಲಿ ಕಂಬದ ಕಡೆತ, ಆಭರಣದ ವಿನ್ಯಾಸ, ಕಲ್ಲಿನ ಜಾತಿ ಇವುಗಳೇ ಕಾಲವನ್ನು ಹೇಳುತ್ತವೆ. ಅದೇ ಊರಿನ ಹೆಸರಿನ ರೈಲು ನಿಲ್ದಾಣವೂ ಒಂದಿದೆ. ಅಲ್ಲಿ ಹಾದುಹೋದ ಗೂಡ್ಸ್ ವ್ಯಾಗನ್ನುಗಳಿಗೂ ಇಂತಹದೇ ಕಾಲನಿರ್ಣಯ ಸಾಧ್ಯವೆಂಬುದು ನಮ್ಮ ಇತಿಹಾಸ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲದ ಸಂಗತಿ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕೆಲಸವನ್ನು ವಿಶ್ವವಿದ್ಯಾನಿಲಯಗಳಿಗಿಂತ ಹೆಚ್ಚಾಗಿ ಹವ್ಯಾಸಿಗಳು, ಅಂದರೆ ಸಣ್ಣ ಪ್ರಮಾಣದ ಪ್ರತಿಕೃತಿ ರೈಲುಗಳನ್ನು ರಚಿಸುವವರು, ಮಾಡಿದ್ದಾರೆ. ಅವರ ಪದ್ಧತಿಯು ನಮ್ಮ ತೆಂಗಿನ ಸೀಮೆಯ ರೈಲುಮಾರ್ಗದ ಇತಿಹಾಸಕ್ಕೆ ಎಷ್ಟರಮಟ್ಟಿಗೆ ಉಪಯುಕ್ತವಾದೀತೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಅಲ್ಲಿನ ಹವ್ಯಾಸಿಗಳ ರಾಷ್ಟ್ರೀಯ ಸಂಘವು 1935ರಲ್ಲಿ ಸ್ಥಾಪಿತವಾಯಿತು. ಒಬ್ಬ ತಯಾರಕನ ಬಂಡಿ ಇನ್ನೊಬ್ಬನ ಹಳಿಯ ಮೇಲೆ ಓಡುವಂತಾಗಬೇಕೆಂಬುದೇ ಅದರ ಮೊದಲ ಉದ್ದೇಶ. ಇದಕ್ಕಾಗಿ ಗೊತ್ತುಪಡಿಸಿದ ಮಾನಗಳು ಓಟಕ್ಕೆ ಅನುಕೂಲವಾದುವಾದರೂ ಯಥಾರ್ಥತೆಗೆ ಸ್ವಲ್ಪ ವಿರೋಧವಾಗಿಯೇ ನಿಂತವು. ಅಲ್ಲಿ ಅತ್ಯಂತ ಪ್ರಚಲಿತವಾದ ಎಚ್.ಓ. ಪ್ರಮಾಣದಲ್ಲಿ ನಿಜವಸ್ತುವಿನ 87 ಅಂಗುಲ ಪ್ರತಿಕೃತಿಯಲ್ಲಿ ಒಂದು ಅಂಗುಲವಾಗುತ್ತದೆ. ಅಮೆರಿಕದ ನಿಜವಾದ ಬಂಡಿಯ ಚಕ್ರ ಸುಮಾರು ಐದೂವರೆ ಅಂಗುಲ ಅಗಲ. ಬಹುಕಾಲ ರೂಢಿಯಲ್ಲಿದ್ದ ಪ್ರತಿಕೃತಿ ಚಕ್ರದ ಅಗಲವಾದರೋ 0.110 ಅಂಗುಲ, ಅದನ್ನು 87ರಿಂದ ಗುಣಿಸಿದರೆ ಒಂಬತ್ತೂವರೆ ಅಂಗುಲವಾಗುತ್ತದೆ! ಮುಂದಿನಿಂದ ನೋಡಿದವರಿಗೆ ಬಂಡಿಯು ರೋಡ್ ರೋಲರಿನ ಚಕ್ರಗಳನ್ನು ತೊಟ್ಟಂತೆ ಕಾಣುವುದು ಸಹಜ. 0.088 ಅಂಗುಲದ ಚಕ್ರ ಬಂದ ಮೇಲೆ ಈ ದೋಷ ಕಡಿಮೆಯಾಯಿತೇ ಹೊರತು ಪೂರ್ಣವಾಗಿ ಹೋಗಲಿಲ್ಲ.

ಕೊಂಡಿಯ ವಿಷಯವೂ ಇಂತಹುದೇ. ಬೆರಳು ಮಡಿಸಿದ ಮುಷ್ಟಿಯನ್ನು ಹೋಲುವ ಅಮೆರಿಕದ ಸ್ವಯಂಚಾಲಿತ ಕೊಂಡಿಗೆ ಈಲೈ ಜ್ಯಾನಿ 1873ರಲ್ಲಿ ಪೇಟೆಂಟ್ ಪಡೆದನು. ಬಂಡಿಗಳ ನಡುವೆ ಸಿಕ್ಕಿ ಕೈ ಕಳೆದುಕೊಳ್ಳುತ್ತಿದ್ದ ಕೆಲಸಗಾರರ ರಕ್ಷಣೆಗಾಗಿ 1893ರ ಕಾಯಿದೆಯು ಸ್ವಯಂಚಾಲಿತ ಕೊಂಡಿಯನ್ನು ಕಡ್ಡಾಯಗೊಳಿಸಿತು. ಆಟಿಕೆಗಳಲ್ಲಿ ಇದರ ಸ್ಥಾನದಲ್ಲಿ ಕೇವಲ ಒಂದು ಕೊಕ್ಕೆ ಇರುತ್ತಿತ್ತು. ಕೇಡಿ ಕಂಪನಿಯ ಕೊಂಡಿಗಳು ಬಂದನಂತರವೇ ನಿಜರೂಪ ಸಾಧಿಸಿತು. ತೂಕವನ್ನೂ ಸಂಘವು ಮರೆತಿಲ್ಲ. ಮೂಲತಃ ಒಂದು ಔನ್ಸ್, ಬಂಡಿಯ ಉದ್ದದ ಪ್ರತಿ ಅಂಗುಲಕ್ಕೆ ಮತ್ತೆ ಅರ್ಧ ಔನ್ಸ್ ಎಂಬುದು ಅದರ ಶಿಫಾರಸು. ನಲವತ್ತು ಅಡಿಯ ಮುಚ್ಚುಬಂಡಿಯು ಈ ಪ್ರಮಾಣದಲ್ಲಿ ಐದೂವರೆ ಅಂಗುಲ ಉದ್ದವಾಗುವುದರಿಂದ ಅದರ ತೂಕ ಮೂರೂಮುಕ್ಕಾಲು ಔನ್ಸ್ ಇರತಕ್ಕದ್ದು. ಹಗುರವಾದ ಬಂಡಿ ಹಳಿಯ ಮೇಲೆ ಕುಣಿಯುತ್ತದೆ. ಕುಣಿಯುವ ವ್ಯಾಗನ್ನನ್ನು ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಯಾರೂ ನಂಬುವುದಿಲ್ಲ.

ಇನ್ನು ಬಣ್ಣದ ಮಾತು. ಕಾರ್ಖಾನೆಯಿಂದ ಬಂದ ಹೊಳಪನ್ನು ತಗ್ಗಿಸಿ, ಸೀಮೆಸುಣ್ಣದ ಪುಡಿಯಿಂದ ಧೂಳನ್ನೂ, ತೆಳುವಾದ ಮಸಿಯಿಂದ ಹಲಗೆಗಳ ಸಂದನ್ನೂ, ಒಣ ಕುಂಚದಿಂದ ತುಕ್ಕನ್ನೂ ತೋರಿಸುವ ಕಲೆಗೆ ಕ್ಯಾಲಿಫೋರ್ನಿಯಾದ ಜಾನ್ ಆಲೆನ್ (1913–1973) ಹೆಚ್ಚಿನ ಪ್ರಚಾರ ತಂದನು. ಅವನ ಅನುಯಾಯಿಗಳಲ್ಲಿ ಕೆಲವರು ಈ ಕಲೆಯನ್ನು ಅತಿಗೆ ಒಯ್ದರೆಂಬುದು ನಮ್ಮ ಅಭಿಪ್ರಾಯ. ಎಲ್ಲ ಬಂಡಿಗಳೂ ಒಂದೇ ಸಮನಾಗಿ ತುಕ್ಕು ಹಿಡಿದ ರೈಲು ಯಾವ ನಿಲ್ದಾಣದಲ್ಲಿಯೂ ನಿಲ್ಲುವುದಿಲ್ಲ. ಹೊಸದು, ಐದು ವರ್ಷದ್ದು, ಇಪ್ಪತ್ತು ವರ್ಷದ್ದು ಬೆರೆತು ಬರುವುದೇ ನಿಜವಾದ ಗೂಡ್ಸ್ ಗಾಡಿ.

ಇದಕ್ಕಿಂತ ಮುಖ್ಯವಾದುದು ಕಾಲದ ಶಿಸ್ತು. ಅಮೆರಿಕದ ಮುಚ್ಚುಬಂಡಿಯ ಛಾವಣಿಯ ಮೇಲೆ ಬ್ರೇಕ್ ಕೆಲಸಗಾರರು ನಡೆಯಲು ಒಂದು ಉದ್ದನೆಯ ಹಲಗೆ ಇರುತ್ತಿತ್ತು. 1966ರಿಂದ ಹೊಸ ಬಂಡಿಗಳಲ್ಲಿ ಅದು ಇಲ್ಲವಾಯಿತು. ಹಳೆಯವುಗಳಿಂದ ಕ್ರಮೇಣ ಕಿತ್ತುಹಾಕಲ್ಪಟ್ಟಿತು. 1967ರಿಂದ ಬಂಡಿಯ ಪಕ್ಕದಲ್ಲಿ ಬಣ್ಣದ ಪಟ್ಟಿಗಳುಳ್ಳ ಗುರುತಿನ ಫಲಕವೊಂದು ಕಾಣಿಸಿಕೊಂಡು, ಧೂಳಿನಲ್ಲಿ ಯಂತ್ರವು ಅದನ್ನು ಓದಲಾರದೆ ಹೋದುದರಿಂದ, 1977ರಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. ಆದ್ದರಿಂದ 1955ರ ನಿಲ್ದಾಣವೊಂದರ ಪ್ರತಿಕೃತಿಯಲ್ಲಿ ಈ ಫಲಕವುಳ್ಳ ಬಂಡಿಯನ್ನಿಡುವುದೆಂದರೆ ಹೊಯ್ಸಳರ ನವರಂಗದಲ್ಲಿ ವಿಜಯನಗರದ ಯಾಳಿಕಂಬವನ್ನು ನಿಲ್ಲಿಸಿದಂತೆ. ಒಳ್ಳೆಯ ಪ್ರತಿಕೃತಿಕಾರನು ಮೊದಲು ವರ್ಷವನ್ನು ನಿಶ್ಚಯಿಸಿ ಆಮೇಲೆ ಕತ್ತರಿ ಹಿಡಿಯುತ್ತಾನೆ.

ಈ ದೃಷ್ಟಿಯಿಂದ ತಿಪಟೂರು ಮಾರ್ಗವನ್ನು ನೋಡೋಣ. ಮೈಸೂರು ಸಂಸ್ಥಾನದ ಮೀಟರ್ ಗೇಜ್ ಹಳಿಯು 1880ರ ದಶಕದಲ್ಲಿ ಬೆಂಗಳೂರಿನಿಂದ ಗುಬ್ಬಿಗೆ ಬಂದು, 1889ರಲ್ಲಿ ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರವನ್ನು ಮುಟ್ಟಿತು. ಇದರ ನಿರ್ವಹಣೆ 1886ರಿಂದ ಸದರನ್ ಮರಾಠಾ ರೈಲ್ವೆಯದು; 1908ರಿಂದ ಮದ್ರಾಸ್ ಮತ್ತು ಸದರನ್ ಮರಾಠಾ ರೈಲ್ವೆಯದು; 1938ರಿಂದ ಮೈಸೂರು ಸ್ಟೇಟ್ ರೈಲ್ವೆಯದು; 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯದಾಯಿತು. ವ್ಯಾಗನ್ನಿನ ಪಕ್ಕದಲ್ಲಿ ಬರೆದ ಒಡೆಯ ರೈಲ್ವೆಯ ಮೊದಲಕ್ಷರಗಳೇ ಹೀಗೆ ಒಂದು ಸಣ್ಣ ಶಾಸನವಾಗುತ್ತವೆ. ಆದರೆ ಒಂದು ರೈಲ್ವೆಯ ವ್ಯಾಗನ್ನು ಇನ್ನೊಂದರ ಹಳಿಯ ಮೇಲೆ ಸಂಚರಿಸುತ್ತಿದ್ದುದರಿಂದ, ಎಲ್ಲವೂ ಒಂದೇ ಮೊದಲಕ್ಷರವುಳ್ಳ ಗಾಡಿಯನ್ನು ರಚಿಸುವುದು ತಪ್ಪಾದೀತು.

ಅಮೆರಿಕದ ಸಿದ್ಧ ಬಂಡಿಯೊಂದಕ್ಕೆ ನಮ್ಮ ಬಣ್ಣ ಬಳಿದರೆ ಸಾಲದು. ಅಲ್ಲಿನದು ಎರಡು ಬೋಗಿಗಳ ಮೇಲೆ ಎಂಟು ಚಕ್ರದ ಬಂಡಿ. ಇಲ್ಲಿ ನಾಲ್ಕೇ ಚಕ್ರದ ಗಿಡ್ಡ ವ್ಯಾಗನ್ನುಗಳು ಬಹುಕಾಲ ಓಡಿದವು. ಅಲ್ಲಿ ಮುಷ್ಟಿಕೊಂಡಿ, ಇಲ್ಲಿನ ಮೀಟರ್ ಗೇಜಿನಲ್ಲಿ ನಡುಮಧ್ಯೆ ಒಂದೇ ಬಫರು, ಅದರೊಡನೆ ಮೇಲಿನಿಂದ ಬೀಳುವ ಕೊಕ್ಕೆ. ಅಲ್ಲಿ ಗಾಳಿಯೊತ್ತಡದ ಬ್ರೇಕು. ಇಲ್ಲಿ ನಿರ್ವಾತ ಬ್ರೇಕು. ಎಲ್ಲಕ್ಕಿಂತ ಹೆಚ್ಚಾಗಿ ಹಳಿಯ ಅಂತರ: 87ರಲ್ಲೊಂದು ಪ್ರಮಾಣದಲ್ಲಿ ಅಮೆರಿಕದ ಹಳಿ 16.5 ಮಿ.ಮೀ., ನಮ್ಮ ಮೀಟರ್ ಗೇಜು ಹನ್ನೊಂದೂವರೆ ಮಿ.ಮೀ. 1990ರ ದಶಕದ ಗೇಜ್ ಪರಿವರ್ತನೆಯ ತರುವಾಯ ತಿಪಟೂರಿನ ಹಳಿಯು ಇದೇ ಪ್ರಮಾಣದಲ್ಲಿ 19 ಮಿ.ಮೀ. ಮೀರುತ್ತದೆ. ಒಂದೇ ನಿಲ್ದಾಣ, ಎರಡು ಬೇರೆ ಪ್ರಪಂಚಗಳು.

ಸರಕಿನ ಬಗೆಗೂ ಎರಡು ಮಾತು ಅವಶ್ಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಯು ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಸುಲಿದು ತೆಗೆದ ಪದಾರ್ಥ. ತಿಪಟೂರಿನ ಮಾರುಕಟ್ಟೆಯಿಂದ ಅದು ಉತ್ತರ ಭಾರತಕ್ಕೆ ಹೋಗುತ್ತದೆ. ತೇವ ತಗುಲಿದರೆ ಬೂಸಲು ಹಿಡಿಯುವ ಸರಕಾದುದರಿಂದ ಅದಕ್ಕೆ ಬೇಕಾದುದು ತೆರೆದ ವ್ಯಾಗನ್ನಲ್ಲ, ಸೋರದ ಛಾವಣಿಯ ಮುಚ್ಚು ವ್ಯಾಗನ್ನು. ಪ್ರತಿಕೃತಿಯಲ್ಲಿ ಮೂಟೆಗಳು ಕಾಣಿಸಬೇಕಾದರೆ ಬಾಗಿಲನ್ನು ತೆರೆದಿಡಬೇಕು, ಪಕ್ಕದಲ್ಲಿ ಎತ್ತಿನ ಗಾಡಿ ನಿಲ್ಲಬೇಕು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಪಟ್ಟಣಗಳಿಗೆ ರೈಲು ಹೋಗಲೇ ಇಲ್ಲವೆಂಬುದನ್ನು ಆ ಗಾಡಿಯೇ ಹೇಳುತ್ತದೆ. ಧೂಳಿನ ಬಣ್ಣವೂ ಊರಿಂದೂರಿಗೆ ಬೇರೆ. ಸಿಮೆಂಟ್ ಕಾರ್ಖಾನೆಯ ಅಮ್ಮಸಂದ್ರದಲ್ಲಿ ಬೂದು ಬಣ್ಣ ಸಲ್ಲುತ್ತದೆ. ತಿಪಟೂರಿನ ಸುತ್ತ ಕೆಮ್ಮಣ್ಣಿನ ಬಣ್ಣ.

ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನನ್ನು ನಮ್ಮ ವಿದ್ಯಾರ್ಥಿಗಳು ಬೆರಗಿನಿಂದ ನೋಡುತ್ತಾರೆ. ಒಂದು ಸೀಮೆಯ ರೈತರ ವರ್ಷದ ದುಡಿಮೆಯನ್ನು ಹೊತ್ತ ವ್ಯಾಗನ್ನು ಅದಕ್ಕಿಂತ ಕಡಿಮೆಯ ದಾಖಲೆಯೆಂದು ನಾವು ಒಪ್ಪಲಾರೆವು. ಮೀಟರ್ ಗೇಜಿನ ಕಾಲದಲ್ಲಿ ಮೂಟೆ ಹೊತ್ತ ಹಮಾಲರು ಈಗ ವೃದ್ಧರು. ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ನೆಲದಿಂದ ಎಷ್ಟೆತ್ತರದಲ್ಲಿತ್ತು, ಮೂಟೆಗಳನ್ನು ಹೇಗೆ ಒಟ್ಟುತ್ತಿದ್ದರು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ಮಂಡಿಗಳ ಹಳೆಯ ಲೆಕ್ಕದ ಕಟ್ಟುಗಳಲ್ಲಿ ರೈಲ್ವೆ ರಸೀತಿ ಸಿಕ್ಕಿದರೆ ಅದನ್ನು ರದ್ದಿಗೆ ಹಾಕಕೂಡದು: ಮೂಟೆಗಳ ಸಂಖ್ಯೆ, ತೂಕ, ತಲಪುವ ನಿಲ್ದಾಣ ಇವುಗಳೊಡನೆ ವ್ಯಾಗನ್ನಿನ ಸಂಖ್ಯೆಯೂ ಒಡೆಯ ರೈಲ್ವೆಯ ಮೊದಲಕ್ಷರವೂ ಅದರಲ್ಲಿ ನಮೂದಾಗುತ್ತಿದ್ದವು. ಆ ಸಂಖ್ಯೆಯನ್ನೇ ಪ್ರತಿಕೃತಿಯ ಮೇಲೆ ಬರೆಯಬೇಕು. ಆರು ಅಂಗುಲದ ಅಂಕಿಯು ಈ ಪ್ರಮಾಣದಲ್ಲಿ ಒಂದೂಮುಕ್ಕಾಲು ಮಿ.ಮೀ. ಎತ್ತರವಾಗುತ್ತದೆ, ಸಣ್ಣ ಕುಂಚವೂ ಸ್ಥಿರವಾದ ಕೈಯೂ ಇದ್ದರೆ ಬರೆಯಲಾಗದ ಅಳತೆಯೇನೂ ಅಲ್ಲ.