ತೆನೆಯ ಬುಟ್ಟಿ ಮತ್ತು ಸೆರೆಯ ನೆನಪು



ಸೆಪ್ಟೆಂಬರ್ 8, ಮಾತೆ ಮರಿಯಳ ಜನನದ ಹಬ್ಬ, ನಮ್ಮ ಮೊಂತಿ ಫೆಸ್ತ್. ಗದ್ದೆಯ ಕೆಸರನ್ನೇ ತುಳಿಯದ ಮಣ್ಣಗುಡ್ಡದ ಮಕ್ಕಳ ಕೈಗೂ ಅಂದು ಆಶೀರ್ವದಿಸಿದ ಒಂದು ತೆನೆ ಬರುತ್ತದೆ. ಮನೆಗೆ ತಂದು ಭತ್ತ ಸುಲಿದು, ಪಾಯಸಕ್ಕೋ ಹಾಲಿಗೋ ಬೆರೆಸಿ, ಹಿರಿಯರಿಂದ ಹಿಡಿದು ಹಸುಳೆಯವರೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ ಧರ್ಮಗುರು ಜೋಕಿಮ್ ಮಿರಾಂದಾ ಈ ಹಬ್ಬಕ್ಕೆ ನಾಂದಿ ಹಾಡಿದರೆಂದು ನಮ್ಮ ಪರಂಪರೆ ಹೇಳುತ್ತದೆ.

ಹೊಸ ಬೆಳೆಯ ಹಬ್ಬ ಬೈಬಲಿನಲ್ಲೂ ಇದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಹಬ್ಬದ ದಿನ ಮನೆಯಲ್ಲಿ ಒಮ್ಮೆ ಓದಿರಿ. ರೈತ ಪ್ರಥಮ ಫಲವನ್ನು ಬುಟ್ಟಿಯಲ್ಲಿ ತರುತ್ತಾನೆ. ಯಾಜಕ ಅದನ್ನು ಬಲಿಪೀಠದ ಮುಂದಿಡುತ್ತಾನೆ. ಬಳಿಕ ರೈತ ಬಾಯಿಬಿಟ್ಟು ಮಾತಾಡಬೇಕು. ಮಾತಾಡಬೇಕಾದುದು ಮಳೆ ಬೆಳೆಯ ಸುದ್ದಿಯಲ್ಲ. ತನ್ನ ಪೂರ್ವಜ ನೆಲೆಯಿಲ್ಲದೆ ಅಲೆದವನು, ಈಜಿಪ್ಟಿನಲ್ಲಿ ನಾವು ಗುಲಾಮರಾಗಿದ್ದೆವು, ದೇವರು ಕೈಹಿಡಿದು ಹೊರತಂದರು ಎಂಬ ಚರಿತ್ರೆ. ಅಷ್ಟಾದ ಮೇಲೆ ಊಟ. ಆ ಊಟಕ್ಕೆ ಮನೆಯವರ ಜೊತೆ ಲೇವಿಯನೂ ಊರಲ್ಲಿ ನೆಲೆಸಿರುವ ಪರದೇಶಿಯೂ ಇರಬೇಕೆಂದು ಅದೇ ಅಧ್ಯಾಯ ಕಟ್ಟುಮಾಡಿದೆ. ಈ ಕೊನೆಯ ಮಾತನ್ನು ನಾವು ಹೆಚ್ಚಾಗಿ ಓದದೆ ಬಿಡುತ್ತೇವೆ.

ನಮಗೂ ಒಂದು ಸೆರೆಯ ಚರಿತ್ರೆ ಇದೆ. 1784ರಲ್ಲಿ, ಹಿರಿಯರ ನೆನಪಿನಂತೆ ಬೂದಿ ಬುಧವಾರದ ಹೊತ್ತಿಗೆ, ಬ್ರಿಟಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನ ಪಡೆ ಕೆನರಾದ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿತು. ಹೋದವರ ಸಂಖ್ಯೆ 30 ಸಾವಿರದಿಂದ 80 ಸಾವಿರದವರೆಗೂ ಒಬ್ಬೊಬ್ಬರ ಬರಹದಲ್ಲಿ ಒಂದೊಂದು ಬಗೆಯಾಗಿದೆ. ದಾರಿಯಲ್ಲೇ ಸತ್ತವರಿಗೆ ಗೋರಿಯಿಲ್ಲ. ಇಗರ್ಜಿಗಳು ನೆಲಸಮವಾದವು, ನಗರದ ರೊಸಾರಿಯೊ ದೇವಾಲಯ ಮತ್ತೆ ಎದ್ದುದು 1813ರಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿದರು, ಕೆಲವರು ಅಲ್ಲಿಯೇ ಉಳಿದರು. ಉಳಿದವರ ಆತ್ಮಪಾಲನೆಗೆ ಬಂದವರು ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ.

ಮೈಸೂರು ಕಡೆ ಪ್ರವಾಸ ಹೊರಟ ನಮ್ಮ ಕುಟುಂಬಗಳು ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಲ್ಲಿಸಿ ಕೋಟೆ ನೋಡುತ್ತವೆ, ಗಂಜಾಂನ ಹಳೆಯ ಇಗರ್ಜಿಯಲ್ಲಿ ಮೊಣಕಾಲೂರುತ್ತವೆ. ಹೋಗಬೇಕಾದದ್ದೇ. ಹಿರಿಯರು ನಡೆದ ದಾರಿ ಮೊಮ್ಮಕ್ಕಳಿಗೆ ಗೊತ್ತಿರಬೇಕು. ಆದರೆ ಕೋಟೆ ನೋಡಿ ಬಂದ ಕೆಲವರು ಆ ಸಿಟ್ಟನ್ನು ತಮ್ಮ ಬೀದಿಯ ಮುಸಲ್ಮಾನ ನೆರೆಯವರ ಮೇಲೆ ತಿರುಗಿಸುವುದನ್ನು ಕಂಡಿದ್ದೇನೆ. 1784ರ ಲೆಕ್ಕವನ್ನು ಇಂದಿನ ಪಕ್ಕದ ಮನೆಯವರಿಂದ ವಸೂಲಿ ಮಾಡುವುದು ಯಾವ ನ್ಯಾಯ? ನಾವು ಅನುಭವಿಸಿದ್ದನ್ನು ಮಾತ್ರ ನೆನೆದು, ನಮ್ಮವರು ಮಾಡಿದ್ದನ್ನು ಮರೆತರೆ ಹೀಗಾಗುತ್ತದೆ.

ನಮ್ಮವರು ಮಾಡಿದ್ದು ಏನೆಂದು ತಿಳಿಯಲು ಸ್ವಲ್ಪ ದೂರ, ಆಫ್ರಿಕಾದ ಪಶ್ಚಿಮ ಕರಾವಳಿಗೆ, ಹೋಗಿ ಬರೋಣ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರ ಸಂತತಿಯವರು ಇಂದು ಅಮೆರಿಕದಿಂದ, ಬ್ರೆಜಿಲ್‌ನಿಂದ, ಕೆರಿಬಿಯನ್ ದ್ವೀಪಗಳಿಂದ ಯಾತ್ರಿಕರಂತೆ ಅಲ್ಲಿಗೆ ಬರುತ್ತಾರೆ. ಸೆನೆಗಲ್ ದೇಶದ ಗೋರೆ ದ್ವೀಪ, ಬೆನಿನ್‌ನ ವೀದಾ, ಘಾನಾದ ಕೇಪ್ ಕೋಸ್ಟ್ ಮತ್ತು ಎಲ್ಮಿನಾ ಕೋಟೆಗಳು ಅವರ ಶ್ರೀರಂಗಪಟ್ಟಣ. 2019ನ್ನು ಘಾನಾ ಸರಕಾರ 'ಮರಳಿ ಬರುವ ವರ್ಷ'ವೆಂದೇ ಆಚರಿಸಿ ಅವರನ್ನು ಕರೆಯಿತು. ಹೋಲಿಕೆಗೆ ಮಿತಿಯುಂಟು. ನಮ್ಮ ಸೆರೆ 15 ವರ್ಷದ್ದು, ಮರಳಲು ಊರು ಇತ್ತು. ಅವರದು ತಲೆಮಾರುಗಳದ್ದು, ತಾಯಿ ಗುಲಾಮಳಾದರೆ ಹೊಟ್ಟೆಯ ಕೂಸೂ ಗುಲಾಮ. ಊರಿನ ಹೆಸರೂ ಅಳಿಸಿಹೋಯಿತು.

ಎಲ್ಮಿನಾ ಕೋಟೆಯನ್ನು 1482ರಲ್ಲಿ ಕಟ್ಟಿಸಿದವನು ಕಥೋಲಿಕ ದೊರೆ, ಪೋರ್ಚುಗಲ್‌ನ ಎರಡನೆಯ ಜೊವಾವ್. ಆ ಕೋಟೆಯ ಅಂಗಳದಲ್ಲಿ ಪೋರ್ಚುಗೀಸರ ಇಗರ್ಜಿ ಇದೆ, ಅದರ ಸುತ್ತ ಸೆರೆಕೋಣೆಗಳು. 1452ರಲ್ಲೇ ಜಗದ್ಗುರು ಐದನೆಯ ನಿಕೋಲಸ್ ಅವರ ಆಜ್ಞಾಪತ್ರವೊಂದು ಅನ್ಯಧರ್ಮೀಯರನ್ನು ನಿರಂತರ ದಾಸ್ಯಕ್ಕೆ ತಳ್ಳುವ ಅಧಿಕಾರವನ್ನು ಪೋರ್ಚುಗಲ್ ದೊರೆಗೆ ಕೊಟ್ಟಿತ್ತು. ಹದಿನಾರನೆಯ ಗ್ರೆಗೊರಿ 1839ರಲ್ಲಿ ಗುಲಾಮರ ವ್ಯಾಪಾರವನ್ನು ಖಡಾಖಂಡಿತವಾಗಿ ಖಂಡಿಸಿದರು. ನಡುವೆ ಸುಮಾರು ನಾಲ್ಕು ಶತಮಾನ. ಕೊನೆಗೆ 1992ರ ಫೆಬ್ರವರಿ 22ರಂದು ಗೋರೆ ದ್ವೀಪಕ್ಕೆ ಹೋಗಿ, ಕ್ರೈಸ್ತರೆನಿಸಿಕೊಂಡವರು ಮಾಡಿದ ಈ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದವರು ಸಂತ ದ್ವಿತೀಯ ಜಾನ್ ಪೌಲ್. ಹಡಗು ಹತ್ತಿದವರ ಮಕ್ಕಳು ಅಳುವ ಜಾಗದಲ್ಲಿ, ಹತ್ತಿಸಿದವರ ಧರ್ಮದ ಹಿರಿಯ ನಿಂತು ತಲೆಬಾಗಿದರು. ಅಂಥ ಯಾತ್ರೆಯೂ ಉಂಟು.

ಅದು ದೂರದ ಅಟ್ಲಾಂಟಿಕ್ ಮಾತು, ನಮಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ 2014ರಲ್ಲೋ 2024ರಲ್ಲೋ ನಿಮ್ಮಲ್ಲಿ ಎಷ್ಟೋ ಮಂದಿ ಹಳೆ ಗೋವಾಕ್ಕೆ ಹೋಗಿದ್ದೀರಿ. ಮಾಂಡೋವಿ ನದಿಯ ದಂಡೆಯಲ್ಲಿ ವೈಸ್‌ರಾಯ್ ಕಮಾನು ಇದೆಯಲ್ಲ, ಅಲ್ಲಿಂದ ಒಳಗೆ ಸಾಗುತ್ತಿದ್ದ ರಾಜಬೀದಿಯ ಹೆಸರು ರುವಾ ದಿರೆಯ್ತಾ. 1583ರಿಂದ ಐದು ವರ್ಷ ಗೋವಾದ ಆರ್ಚ್‌ಬಿಷಪರ ಬಳಿ ಕೆಲಸಕ್ಕಿದ್ದ ಡಚ್ಚರವ ಲಿನ್‌ಸ್ಕೋಟನ್ ಆ ಬೀದಿಯ ಹರಾಜನ್ನು ಕಣ್ಣಾರೆ ಕಂಡು ಬರೆದಿಟ್ಟ. ಅರಬ್ಬಿ ಕುದುರೆ, ಸಂಬಾರ ಜೀನಸು, ಅವುಗಳ ಜೊತೆಗೆ ಗಂಡಸರು, ಹೆಂಗಸರು, ಮಕ್ಕಳು. ಅವರಲ್ಲಿ ಮೊಜಾಂಬಿಕ್ ಕಡೆಯಿಂದ ತಂದ ಆಫ್ರಿಕನ್ನರು ಬಹಳ. ಕೊಳ್ಳುವವರಲ್ಲಿ ಮರುದಿನ ಬಲಿಪೂಜೆಗೆ ಹೋಗುವವರಿದ್ದರು. ಪೋರ್ಚುಗಲ್ ಈ ವ್ಯಾಪಾರವನ್ನು ನಿಷೇಧಿಸಿದ್ದು 1836ರಲ್ಲಿ. ಗುಲಾಮಗಿರಿಯನ್ನೇ ಕಾನೂನಿನಿಂದ ತೆಗೆಯಲು 1869 ಬರಬೇಕಾಯಿತು.

ಆ ಗೋವಾದಿಂದ ದಕ್ಷಿಣಕ್ಕೆ ಬಂದವರು ನಮ್ಮ ಪೂರ್ವಜರು. ಇನ್ಕ್ವಿಸಿಷನ್, ತೆರಿಗೆ, ಬರ, 1683ರ ಮರಾಠಾ ದಾಳಿ ಹೀಗೆ ಕಾರಣಗಳು ಹಲವು. ಕೆಳದಿಯ ಅರಸರು ನಮ್ಮವರಿಗೆ ಉಳಲು ಭೂಮಿ ಕೊಟ್ಟರು. ಅದೇ ಗೋವಾದಿಂದ ಪೂರ್ವಕ್ಕೆ, ಘಟ್ಟದ ಕಾಡಿಗೆ, ಒಡೆಯನ ಮನೆಯಿಂದ ತಪ್ಪಿಸಿಕೊಂಡು ಓಡಿದವರೂ ಇದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳ ಸಿದ್ದಿಗಳಲ್ಲಿ ಬಹಳ ಮಂದಿ ಅಂಥವರ ಸಂತತಿ. (ದಖ್ಖನಿನ ಸುಲ್ತಾನರ ಸೈನ್ಯಕ್ಕೆ ಬಂದವರ ಕಥೆ ಬೇರೆ, ಅಹ್ಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದವನೇ.) ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಹಳಿಯಾಳದ ಸುತ್ತ ಕಥೋಲಿಕರೂ ಇದ್ದಾರೆ. ಮನೆಯಲ್ಲಿ ಅವರಾಡುವುದು ಕೊಂಕಣಿಯೇ, ಕನ್ನಡ ಮರಾಠಿ ಬೆರೆತದ್ದು. ನಮ್ಮ ಅಜ್ಜಿಯರ ಭಾಷೆ ಅವರ ಅಜ್ಜಿಯರಿಗೆ ಒಡೆಯರ ಭಾಷೆಯಾಗಿತ್ತು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಬೆಳಗಾವಿ, ಧಾರವಾಡದವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೂ ಮಂಗಳೂರಿನ ಬಸ್‌ ನಿಲ್ದಾಣದಲ್ಲಿ ಸಿದ್ದಿ ಯುವಕನೊಬ್ಬ ನಿಂತರೆ, ಯಾವ ದೇಶದವನೆಂದು ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರಿಸಿದರೆ ಆಶ್ಚರ್ಯಪಡುತ್ತಾರೆ. ಧರ್ಮೋಪದೇಶಕಾಂಡ ಊಟಕ್ಕೆ ಕೂರಿಸೆಂದ ಪರದೇಶಿ ಇವನೇ ಎನ್ನೋಣವೇ? ನಾಲ್ಕೈದು ನೂರು ವರ್ಷ ಇದೇ ಮಣ್ಣಿನಲ್ಲಿ ದುಡಿದವನನ್ನು ಪರದೇಶಿ ಎನ್ನಲು ನನಗೆ ನಾಲಗೆ ಬಾರದು.

ಮೊಂತಿ ಫೆಸ್ತಿನ ಮರುದಿನ, ಸೆಪ್ಟೆಂಬರ್ 9, ಯಾರ ಹಬ್ಬ? ಪಾಯಸದ ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಅದು ಸಂತ ಪೀಟರ್ ಕ್ಲೇವರರ ದಿನ. ಸ್ಪೇನಿನ ಈ ಯೇಸುಸಭೆಯ ಗುರು 1610ರಲ್ಲಿ ಈಗಿನ ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಬಂದು, 1654ರಲ್ಲಿ ತೀರಿಕೊಳ್ಳುವವರೆಗೆ ಗುಲಾಮರ ಹಡಗುಗಳಿಗೆ ಇಳಿದು ಸೇವೆ ಮಾಡಿದರು. ಮೊದಲು ಹಣ್ಣು, ನೀರು, ಔಷಧಿ, ಉಪದೇಶ ಆಮೇಲೆ. ತನ್ನನ್ನು ಆಫ್ರಿಕನ್ನರ ನಿತ್ಯದಾಸನೆಂದು ಕರೆದುಕೊಂಡರು. ಆದರೆ ಅವರಿಗೆ ಭಾಷೆ ತಿಳಿಸುತ್ತಿದ್ದ ದುಭಾಷಿಗಳು ಯೇಸುಸಭೆಯ ಕಾಲೇಜು ಹಣ ತೆತ್ತು ಕೊಂಡಿದ್ದ ಗುಲಾಮರು. ಸಂತರ ಚರಿತ್ರೆಯಲ್ಲಿ ಇದನ್ನೂ ಬಿಡದೆ ಹೇಳಬೇಕು.

ಮುಂದಿನ ವರ್ಷ ಧರ್ಮಕೇಂದ್ರದಿಂದ ಹೊರಡುವ ಬಸ್ಸು ಶ್ರೀರಂಗಪಟ್ಟಣಕ್ಕೆ ಹೋಗಲಿ. ಇನ್ನೊಂದು ವರ್ಷ ಅಂಕೋಲಾದಲ್ಲಿ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳಕ್ಕೆ ಹೋಗಲಿ. ಅಲ್ಲಿ ನೋಡಲು ಕೋಟೆಯಂಥ ಸ್ಮಾರಕವಿಲ್ಲ. ಸಿದ್ದಿಗಳು ತಮ್ಮ ಗತಿಸಿದವರನ್ನು 'ಹಿರಿಯರು' ಎಂದು ಕರೆದು ಮನೆಯಲ್ಲೇ ನೆನೆಯುತ್ತಾರೆ. ಆ ದಿನ ದಮಾಮಿ ಬಾರಿಸಿ ಹಾಡುತ್ತಾರೆ, ಮತಭೇದವಿಲ್ಲದೆ ನೆಂಟರೆಲ್ಲ ಸೇರುತ್ತಾರೆ. ಕರೆದರೆ ಹೋಗಿ, ಪಂಕ್ತಿಯಲ್ಲಿ ಎಲ್ಲಿ ಕೂರಿಸುತ್ತಾರೋ ಅಲ್ಲಿ ಕುಳಿತು ಉಂಡು ಬನ್ನಿ.