ಒಳಗಿನವರು ಯಾರು, ಹೊರಗಿನವರು ಯಾರು? ರೋಮ್‌ಗೆ ಹೋದ ಪತ್ರ, ಗೋವಾದ ಸಂತೆ, ಹಳಿಯಾಳದ ಸಿದ್ದಿಗಳು

ಇವತ್ತಿನ ಸಂಚಿಕೆ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯದ್ದು. ಆದ್ರೆ ಕಥೆ ಶುರುವಾಗೋದು ಅಲ್ಲಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ. ಎರಡೂ ಕಡೆ ಇರೋ ಪ್ರಶ್ನೆ ಒಂದೇ: ದೇವರ ಪ್ರೀತಿ ಒಂದು ಜನಕ್ಕೆ ಮಾತ್ರನಾ, ಎಲ್ಲರಿಗೂನಾ?

ದಾಂಡೇಲಿಗೆ ರಾಫ್ಟಿಂಗ್ ಅಂತ ಹೋದವರು ರಾತ್ರಿ ರೆಸಾರ್ಟ್‌ನಲ್ಲಿ ಡಮಾಮಿ ಕುಣಿತ ನೋಡಿರಬಹುದು. ಕುಣಿಯೋರು ಸಿದ್ದಿಗಳು. ಮೂಲ ಆಫ್ರಿಕಾದ್ದು, ಮಾತು ಕೊಂಕಣಿ ಬೆರೆತದ್ದು, ಕನ್ನಡವೂ ಬರುತ್ತೆ. ನಾವು ವಿಡಿಯೋ ಮಾಡ್ಕೊಂಡು, ಸ್ಟೇಟಸ್ ಹಾಕಿ, ಬಂದುಬಿಡ್ತೀವಿ. ಆದ್ರೆ ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಹಳಿಯಾಳ, ಮುಂಡಗೋಡ ಕಡೆಯ ಕ್ರೈಸ್ತ ಸಿದ್ದಿಗಳಲ್ಲಿ ಜುಜೆ, ಅಂತೋನ್ ಅನ್ನೋ ಹೆಸರು ಕೇಳ್ತೀವಿ. ಇವು ಪೋರ್ಚುಗೀಸ್ ಹೆಸರುಗಳು. ಕಾಡಿನ ನಡುವಿನ ಊರಿಗೆ ಈ ಹೆಸರು ಹೇಗೆ ಬಂತು? ಅದಕ್ಕೆ ಉತ್ತರ ಬೇಕಂದ್ರೆ ಮೊದಲು ಒಂದು ಹಳೇ ಜಗಳ ಅರ್ಥ ಮಾಡ್ಕೋಬೇಕು.

ಮೊದಲ ಜಗಳ

ಯೇಸು ಹುಟ್ಟಿದ್ದು ಯೆಹೂದ್ಯ ಮನೆತನದಲ್ಲಿ. ಅವರ ಹನ್ನೆರಡು ಶಿಷ್ಯರೂ ಯೆಹೂದ್ಯರೇ. ಮೊದಮೊದಲು ಇದು ಯೆಹೂದ್ಯರ ಒಳಗಿನ ಒಂದು ಗುಂಪು, ಅಷ್ಟೇ. ತೊಂದರೆ ಶುರುವಾಗಿದ್ದು ಹೊರಗಿನವರು 'ನಾವೂ ಬರ್ತೀವಿ' ಅಂದಾಗ. ಕನ್ನಡ ಬೈಬಲ್‌ನಲ್ಲಿ ಇವರಿಗೆ 'ಅನ್ಯಜನರು' ಅಂತ ಹೆಸರು. ಗ್ರೀಕರು, ರೋಮನ್ನರು, ಯೆಹೂದ್ಯರಲ್ಲದ ಉಳಿದವರೆಲ್ಲ.

ಅವರು ಸುನ್ನತಿ ಮಾಡಿಸ್ಕೋಬೇಕಾ? ಯೆಹೂದ್ಯರ ಊಟದ ನಿಯಮ ಪಾಲಿಸ್ಬೇಕಾ? ಜೊತೆಗೆ ಕೂತು ಉಣ್ಣಬಹುದಾ? ಪಂಕ್ತಿಭೇದ ಗೊತ್ತಿರೋ ನಾಡಿನವರಿಗೆ ಈ ಪ್ರಶ್ನೆಯ ಬಿಸಿ ವಿವರಿಸೋದು ಬೇಕಾಗಿಲ್ಲ.

ಬೈಬಲ್ ಹೇಳೋ ಪ್ರಕಾರ ಶಿಷ್ಯ ಪೇತ್ರನಿಗೆ ಒಂದು ದರ್ಶನ ಆಗುತ್ತೆ. ಆಕಾಶದಿಂದ ದೊಡ್ಡ ಬಟ್ಟೆಯೊಂದು ಇಳಿಯುತ್ತೆ, ಅದರಲ್ಲಿ ಯೆಹೂದ್ಯರು ತಿನ್ನಬಾರದ ಪ್ರಾಣಿಗಳೂ ಇರ್ತವೆ, ತಿನ್ನು ಅಂತ ಧ್ವನಿ ಬರುತ್ತೆ. ಪೇತ್ರ ಒಲ್ಲೆ ಅಂತಾನೆ. ಆಮೇಲೆ ಕೊರ್ನೇಲ್ಯ ಅನ್ನೋ ರೋಮನ್ ಸೇನಾಧಿಕಾರಿ ಮನೆಗೆ ಹೋದಾಗ ಅವನಿಗೆ ಅರ್ಥ ಆಗುತ್ತೆ: ಇದು ಊಟದ ವಿಷಯ ಮಾತ್ರ ಅಲ್ಲ, ಮನುಷ್ಯರ ವಿಷಯ. ಅದಕ್ಕೂ ಮುಂಚಿನ ಒಂದು ಅಧ್ಯಾಯದಲ್ಲಿ ಇಥಿಯೋಪಿಯಾದ ರಾಣಿಯ ಖಜಾನೆ ನೋಡ್ಕೊಳ್ಳೋ ಅಧಿಕಾರಿಯೊಬ್ಬ ದಾರಿಯಲ್ಲೇ ದೀಕ್ಷಾಸ್ನಾನ ಪಡೀತಾನೆ. ಆಫ್ರಿಕಾದವನು. ಯುರೋಪಿನ ಬಹುಪಾಲು ಜನಕ್ಕೆ ಯೇಸುವಿನ ಹೆಸರೂ ಗೊತ್ತಿಲ್ಲದ ಕಾಲ ಅದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮ್‌ನಲ್ಲಿ ಹಿರಿಯರ ಸಭೆ ಸೇರಿತು. ಹೊರಗಿನವರು ಸುನ್ನತಿ ಇಲ್ಲದೇ ಬರಬಹುದು ಅಂತ ತೀರ್ಮಾನ ಆಯ್ತು.

ಅಲ್ಲಿಗೆ ಮುಗೀತಾ? ಇಲ್ಲ, ಜಗಳ ತಿರುಗಾಮುರುಗಾ ಆಯ್ತು. ಹೆಚ್ಚುಕಮ್ಮಿ ಅದೇ ಸಮಯದಲ್ಲಿ ಚಕ್ರವರ್ತಿ ಕ್ಲಾಡಿಯಸ್ ರೋಮ್‌ನಿಂದ ಯೆಹೂದ್ಯರನ್ನ ಹೊರಗೆ ಹಾಕಿದ. ಅವನು 54ರಲ್ಲಿ ಸತ್ತ ಮೇಲೆ ಅವರು ವಾಪಸ್ ಬಂದರು. ಅಷ್ಟರಲ್ಲಿ ರೋಮ್‌ನ ಕ್ರೈಸ್ತ ಸಭೆ ಅನ್ಯಜನರ ಕೈಗೆ ಹೋಗಿತ್ತು ಅಂತ ಹಲವು ವಿದ್ವಾಂಸರು ಅಂದಾಜು ಮಾಡ್ತಾರೆ. ಅಂದ್ರೆ ನಿನ್ನೆ ಬಾಗಿಲಲ್ಲಿ ನಿಂತಿದ್ದವರು ಇವತ್ತು ಮನೆಯ ಯಜಮಾನರು. ಮನೆ ಕಟ್ಟಿದವರೇ ಈಗ ನೆಂಟರು.

57ರ ಸುಮಾರಿಗೆ ಸಂತ ಪೌಲ ಅವರಿಗೆ ಒಂದು ಪತ್ರ ಬರೆದ. ಅದನ್ನ ರೋಮ್‌ಗೆ ಒಯ್ದವಳು ಫೊಯಿಬೆ ಅನ್ನೋ ಹೆಣ್ಣುಮಗಳು ಅಂತ ನಂಬಿಕೆ. ಪೌಲ ಕೊಡೋ ಹೋಲಿಕೆ ನಮ್ಮ ಕಡೆಯವರಿಗೆ ತಕ್ಷಣ ಹಿಡಿಸುತ್ತೆ: ಕಸಿ ಕಟ್ಟೋದು. ಶಿರಸಿ ಕಡೆ ಮಾವಿನ ಕಸಿ ಕಟ್ಟೋರನ್ನ ಕೇಳಿ ನೋಡಿ. ಬುಡಕ್ಕೆ ಕಾಟು ಗಿಡ, ಮೇಲೆ ಒಳ್ಳೇ ಜಾತಿಯ ಟೊಂಗೆ. ಪೌಲ ಉಲ್ಟಾ ಹೇಳ್ತಾನೆ. ಬುಡ ಒಳ್ಳೇ ಆಲಿವ್ ಮರದ್ದು, ಅದು ಇಸ್ರಾಯೇಲ್. ಕಟ್ಟಿರೋದು ಕಾಡು ಟೊಂಗೆ, ಅದು ನೀವು, ಅನ್ಯಜನರು. ಇದು ಸಹಜವಾದ ಕಸಿ ಅಲ್ಲ ಅನ್ನೋದು ಅವನಿಗೂ ಗೊತ್ತು, ಅದನ್ನ ಹೇಳ್ತಾನೆ ಕೂಡ. ಅವನ ಮಾತಿನ ತಾತ್ಪರ್ಯ ಇಷ್ಟು: ಟೊಂಗೆ ಬೇರಿನ ಮುಂದೆ ಜಂಭ ಪಡಬಾರದು. ದೇವರು ಹಳಬರ ಕೈಬಿಟ್ಟಿಲ್ಲ, ಹೊಸಬರನ್ನ ದೂರ ಇಟ್ಟಿಲ್ಲ. ಗಲಾತ್ಯದವರಿಗೆ ಬರೆದ ಇನ್ನೊಂದು ಪತ್ರದಲ್ಲಿ ಇನ್ನೂ ಮುಂದೆ ಹೋಗ್ತಾನೆ. ಯೆಹೂದ್ಯ-ಗ್ರೀಕ, ಗುಲಾಮ-ಸ್ವತಂತ್ರ, ಗಂಡು-ಹೆಣ್ಣು ಅನ್ನೋ ಭೇದ ಕ್ರಿಸ್ತನಲ್ಲಿ ಉಳಿಯೋದಿಲ್ಲ ಅಂತಾನೆ.

ಭರವಸೆ ಗೋವಾಕ್ಕೆ ಬಂದಾಗ

ಈಗ ಸಾವಿರದೈನೂರು ವರ್ಷ ಮುಂದಕ್ಕೆ ಬನ್ನಿ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಜೋಯಿಡಾ ತಾಲೂಕಿನ ಗಡಿಗೆ ಅಂಟಿಕೊಂಡೇ ಇರೋ ಗೋವಾ. ಜೊತೆಗೆ ಪೌಲನ ಪತ್ರಗಳೂ ಬಂದವು. ಓದಿದರು ಕೂಡ. ಆದ್ರೆ ಮಾಡಿದ್ದೇನು?

ಮೊದಲು ಯೆಹೂದ್ಯರ ವಿಷಯ. ಐಬೀರಿಯಾದಲ್ಲಿ ಬಲವಂತಕ್ಕೆ ಕ್ರೈಸ್ತರಾದ ಯೆಹೂದ್ಯರಲ್ಲಿ ಕೆಲವರು ದೂರ ಇದ್ರೆ ಬದುಕ್ತೀವಿ ಅಂತ ಗೋವಾಕ್ಕೆ ಬಂದಿದ್ದರು. ಗಾರ್ಸಿಯಾ ದ ಓರ್ತಾ ಅಂಥ ಮನೆತನದ ವೈದ್ಯ. 1563ರಲ್ಲಿ ಭಾರತದ ಔಷಧಿಗಳ ಬಗ್ಗೆ ಅವನು ಬರೆದ ಪುಸ್ತಕ ಗೋವಾದಲ್ಲೇ ಅಚ್ಚಾಯ್ತು. 1560ರಲ್ಲೇ ಅಲ್ಲಿಗೆ ಇಂಕ್ವಿಸಿಷನ್, ಅಂದ್ರೆ ಧರ್ಮದ ವಿಚಾರಣಾ ನ್ಯಾಯಾಲಯ ಬಂದಿತ್ತು. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕಾತರೀನಾಳನ್ನ, ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸ್ತಿದ್ದಾಳೆ ಅಂತ ಹೇಳಿ, ಜೀವಂತ ಸುಟ್ಟರು. 1580ರಲ್ಲಿ ಓರ್ತಾನ ಗೋರಿ ಅಗೆದು ಮೂಳೆಗಳನ್ನೂ ಸುಟ್ಟರು. ಟೊಂಗೆ ಬೇರಿಗೇ ಬೆಂಕಿ ಇಟ್ಟಿತು. ಈ ನ್ಯಾಯಾಲಯ ಪೂರ್ತಿ ಮುಚ್ಚಿದ್ದು 1812ರಲ್ಲಿ. ಸ್ಥಳೀಯ ಹಿಂದೂಗಳೂ ಮತಾಂತರಗೊಂಡವರೂ ಅದರ ಕೈಯಲ್ಲಿ ನರಳಿದ್ದಾರೆ.

ಆಮೇಲೆ ಗುಲಾಮರ ವಿಷಯ. 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ಚ ಲಿನ್‌ಸ್ಕೋಟೆನ್, ಬೀದಿಯಲ್ಲಿ ಮನುಷ್ಯರನ್ನ ಹರಾಜು ಹಾಕ್ತಿದ್ದದ್ದನ್ನ ಬರೆದಿಟ್ಟಿದ್ದಾನೆ. ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದ ಗಂಡಸರು, ಹೆಂಗಸರು, ಮಕ್ಕಳು. ಅವರಲ್ಲಿ ಬಹಳಷ್ಟು ಜನಕ್ಕೆ ದೀಕ್ಷಾಸ್ನಾನ ಆಗಿ ಕ್ರೈಸ್ತ ಹೆಸರು ಸಿಗ್ತಿತ್ತು. ನಾನು ಕಾಮರ್ಸ್ ಓದಿದವನು, ನನಗೆ ಇದು ಎರಡು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಚರ್ಚಿನ ಪುಸ್ತಕದಲ್ಲಿ ಅವನು ದೇವರ ಮಗು. ಯಜಮಾನನ ಪುಸ್ತಕದಲ್ಲಿ ಆಸ್ತಿ. ಎರಡೂ ಪುಸ್ತಕ ಒಂದೇ ಊರಲ್ಲಿ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡೋ ಧೈರ್ಯ ಮಾಡಿದವರು ಮಾತ್ರ ತೀರಾ ಕಮ್ಮಿ.

ಘಟ್ಟ ಹತ್ತಿದವರು

ಕೆಲವರು ತಪ್ಪಿಸ್ಕೊಂಡರು. ಗೋವಾದಿಂದ ಪೂರ್ವಕ್ಕೆ ಘಟ್ಟ ಹತ್ತಿದ್ರೆ ದಟ್ಟ ಕಾಡು, ಪೋರ್ಚುಗೀಸರ ಆಳ್ವಿಕೆ ಇಲ್ಲದ ಸೀಮೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಹಲವರ ಪೂರ್ವಿಕರು ಹೀಗೆ ಬಂದವರು ಅನ್ನೋದು ಸಂಶೋಧಕರ ಅಭಿಪ್ರಾಯ. ಬಿಜಾಪುರದ ಕಡೆಯಂಥ ಬೇರೆ ದಾರಿಗಳಿಂದ ಬಂದವರೂ ಇದ್ದಾರೆ.

ಇಲ್ಲೇ ನನ್ನನ್ನ ಹಿಡಿದು ನಿಲ್ಲಿಸೋ ಪ್ರಶ್ನೆ ಇರೋದು. ಯಜಮಾನನನ್ನ ಬಿಟ್ಟು ಓಡಿ ಬಂದವರು ಯಜಮಾನನ ದೇವರನ್ನ ಯಾಕೆ ಬಿಡಲಿಲ್ಲ? ಕಾಡಲ್ಲಿ ಅವರನ್ನ ಕೇಳೋರು ಯಾರೂ ಇರಲಿಲ್ಲ. ಅಭ್ಯಾಸ ಇರಬಹುದು. ಸುತ್ತಲಿನ ಕೊಂಕಣಿ ಕ್ರೈಸ್ತರ ಒಡನಾಟವೂ ಇರಬಹುದು. ನನ್ನ ಅನಿಸಿಕೆ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಆ ದೇವರು ಯಜಮಾನನ ಸ್ವತ್ತಲ್ಲ ಅಂತ ಅವರಿಗೆ ಗೊತ್ತಿತ್ತು. ಕೊಟ್ಟ ಮಾತಿಗೆ ತಪ್ಪಿದವರು ಹರಾಜು ಹಾಕಿದವರು, ಮಾತು ಕೊಟ್ಟವನಲ್ಲ. ಇಥಿಯೋಪಿಯಾದ ಆ ಅಧಿಕಾರಿಯ ಕಥೆ ಈ ಪುಸ್ತಕದೊಳಗೆ ಮೊದಲಿಂದಲೂ ಇತ್ತಲ್ಲ.

ಘಟ್ಟ ಹತ್ತಿದ ಮೇಲೂ ಬದುಕು ಸುಲಭ ಇರಲಿಲ್ಲ. ತಲೆಮಾರುಗಟ್ಟಲೆ ಇನ್ನೊಬ್ಬರ ಹೊಲ-ತೋಟದಲ್ಲಿ ಜೀತ. ಕೂದಲು, ಬಣ್ಣ ನೋಡಿ ಹಂಗಿಸೋದು ಇವತ್ತಿಗೂ ನಿಂತಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಸ್ವಾತಂತ್ರ್ಯ ಬಂದು 56 ವರ್ಷದ ಮೇಲೆ.

ಆದ್ರೆ ಅವರು ಕಟ್ಟಿಕೊಂಡ ಬದುಕು ನೋಡಿ. ಮೂರು ಧರ್ಮ, ಆದ್ರೂ ಹಿರಿಯರ ಪೂಜೆ ಮೂವರಲ್ಲೂ ಇದೆ. ಡಮಾಮಿ ಬಡಿದರೆ ಮೂವರೂ ಕುಣೀತಾರೆ. ಧರ್ಮ ದಾಟಿದ ಮದುವೆಗಳೂ ನಡೆದಿವೆ. ಹೆಣ್ಣುಮಕ್ಕಳು ಹಳೇ ಬಟ್ಟೆ ತುಂಡುಗಳಿಂದ ಹೊಲಿಯೋ ಕೌದಿಗೆ ಅವರು ಕವಂದಿ ಅಂತಾರೆ. ಕ್ರೈಸ್ತರ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ ಇರುತ್ತೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ. ಹೊಲಿಗೆ ಮಾತ್ರ ಒಂದೇ ಥರ. ಮೂಲೆಗೆ ಮಡಚಿ ಹಾಕೋ ಬಟ್ಟೆಯ ಹೂವೂ ಒಂದೇ.

ಯುರೋಪಿನಲ್ಲಿ ಹಳೇ ಲೆಕ್ಕ ತಿದ್ದೋದಕ್ಕೆ ಬಹಳ ಕಾಲ ಹಿಡೀತು. ಅರವತ್ತು ಲಕ್ಷ ಯೆಹೂದ್ಯರ ಕೊಲೆ ಆದ ಮೇಲೆ, 1965ರ ಅಕ್ಟೋಬರ್ 28ರಂದು, ಎರಡನೇ ವ್ಯಾಟಿಕನ್ ಸಭೆ ಒಂದು ಘೋಷಣೆ ಹೊರಡಿಸಿತು. ಯೇಸುವಿನ ಸಾವಿಗೆ ಯೆಹೂದ್ಯರನ್ನೆಲ್ಲ ಹೊಣೆ ಮಾಡೋದು ತಪ್ಪು, ದೇವರು ಅವರನ್ನ ಕೈಬಿಟ್ಟಿಲ್ಲ ಅಂತ ಅದರಲ್ಲಿದೆ. ಅದಕ್ಕೆ ಆಧಾರವಾಗಿ ಎತ್ತಿಕೊಂಡಿದ್ದು ಪೌಲನ ಅದೇ ಆಲಿವ್ ಮರ. ಮರುವರ್ಷ, 1966ರಲ್ಲಿ, ಮುಂಡಗೋಡದಲ್ಲಿ ಟಿಬೆಟಿಯನ್ ನಿರಾಶ್ರಿತರ ಕಾಲೊನಿ ಶುರುವಾಯ್ತು. ಎರಡಕ್ಕೂ ಸಂಬಂಧ ಇಲ್ಲ. ಆದ್ರೆ ಓಡಿ ಬಂದವರಿಗೆ ಜಾಗ ಕೊಡೋದು ಈ ಕಾಡಿಗೆ ಹೊಸದಲ್ಲ.

ದೇವರ ಪ್ರೀತಿ ಎಲ್ಲರಿಗೂ ಅಂತ ಹೇಳೋದು ಸುಲಭ. ಇತಿಹಾಸ ಕೇಳೋದು ಬೇರೆ: ಒಳಗೆ ಬಂದ ಮೇಲೆ ನೀನು ಬಾಗಿಲು ತೆರೆದಿಟ್ಟೆಯಾ, ಚಿಲಕ ಹಾಕಿದೆಯಾ? ರೋಮ್‌ನ ಸಭೆಗೆ ಪೌಲ ಕೇಳಿದ್ದು ಅದನ್ನೇ. ಗೋವಾ ಅದಕ್ಕೆ ಕೊಟ್ಟ ಉತ್ತರ ಏನು ಅಂತ ಈಗ ಕೇಳಿದಿರಿ. ಕ್ರೈಸ್ತರಿಗೆ ಮಾತ್ರ ಅಲ್ಲ, ಯಾವುದೇ ಮನೆಯ ಒಳಗೆ ಇರೋ ನಮಗೆಲ್ಲ ಈ ಪ್ರಶ್ನೆ ಇದೆ.

ಮುಂದಿನ ಸಲ ದಾಂಡೇಲಿಗೆ ಹೋದಾಗ ಡಮಾಮಿ ನೋಡಿ, ವಿಡಿಯೋನೂ ಮಾಡಿ. ಆಮೇಲೆ ಫೋನ್ ಜೇಬಿಗೆ ಹಾಕಿ, ಕುಣಿದವರ ಹೆಸರು, ಊರು ಕೇಳಿ. ನಿಮ್ಮೂರಲ್ಲೂ ಹೀಗೆ 'ಹೊರಗಿನವರು' ಅನ್ನಿಸಿಕೊಂಡವರ ಕಥೆ ಇದ್ರೆ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.