ಸರ್ಪ ಕಾಯದ ನಿಧಿ

ನಮ್ಮ ಕಡೆ ನಿಧಿ ಅಂದ ಕೂಡಲೇ ನೆನಪಾಗುವುದು ಹಾಳು ಗುಡಿ, ಅಮಾವಾಸ್ಯೆ ರಾತ್ರಿ, ಹೆಡೆ ಬಿಚ್ಚಿ ಕಾಯುವ ಸರ್ಪ. ಆದರೆ ರಜೆಗೆಂದು ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಗೋ ಕಡಲತೀರಕ್ಕೋ ಹೋದವರು ಹಾಡಹಗಲೇ ಹುಡುಕುವ ಇನ್ನೊಂದು ಬಗೆಯ ನಿಧಿಯಿದೆ. ಅದೇ ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ ಆಟ.

ಇದು ಜಿಪಿಎಸ್ ಕಾಲದ ಆಟ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ.

ಇಂಗ್ಲೆಂಡಿನ ಡೆವನ್ ಸೀಮೆಗೆ ಎರಡು ಕಡೆ ಕಡಲು, ನಡುವೆ ಡಾರ್ಟ್‌ಮೂರ್ ಎಂಬ ಜವುಗು ನೆಲದ ಗುಡ್ಡಗಾಡು. ಅಲ್ಲಿ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ ಜೇಮ್ಸ್ ಪೆರಟ್ ಎಂಬಾತ 1854ರಲ್ಲಿ, ಕ್ರಾನ್‌ಮಿಯರ್ ಪೂಲ್ ಎಂಬ ದೂರದ ಜಾಗದಲ್ಲಿ ಕಲ್ಲುಗಳನ್ನು ಪೇರಿಸಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರಲ್ಲಿ ಹಾಕಿ ಹೋಗಬೇಕು. ಮುಂದೆ ಜನ ವಿಳಾಸ ಬರೆದ ಕಾಗದಗಳನ್ನೇ ಬಿಟ್ಟು ಬರತೊಡಗಿದರು. ಆಮೇಲೆ ಬಂದ ಅಪರಿಚಿತರು ಅದನ್ನು ಒಯ್ದು ಅಂಚೆಗೆ ಹಾಕಬೇಕು! ಹೀಗೆ 'ಲೆಟರ್‌ಬಾಕ್ಸಿಂಗ್' ಹುಟ್ಟಿತು.

ಇನ್ನು ಉಪಗ್ರಹದ ಕಥೆ. ಜಿಪಿಎಸ್ ಅಮೆರಿಕದ ಸೇನೆಯದು. ಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಿದ್ದರು. ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿದ್ದರೆ ಪೊದೆಯೊಳಗಿನ ಡಬ್ಬಿ ಸಿಗುವುದುಂಟೇ? ಅಧ್ಯಕ್ಷ ಕ್ಲಿಂಟನ್ ಆದೇಶದಂತೆ 2000ದ ಮೇ 2ರಂದು ಆ ಬೆರಕೆ ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಪ್ಪು ಬಕೆಟ್ ಒಂದನ್ನು ಬಚ್ಚಿಟ್ಟು, ಜಾಗದ ಅಂಕೆಗಳನ್ನು ಅಂತರ್ಜಾಲದ ಚರ್ಚಾಗುಂಪಿಗೆ ಹಾಕಿದ. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ, ಜೊತೆಗೆ ಒಂದು ಡಬ್ಬಿ ಬೀನ್ಸ್! ಏನಾದರೂ ತೆಗೆದುಕೊಂಡರೆ ಏನಾದರೂ ಇಟ್ಟು ಹೋಗಿ ಎಂಬುದೇ ಅವನ ನಿಯಮ. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ತಿಂಗಳ ಕೊನೆಯಲ್ಲಿ 'ಜಿಯೋಕ್ಯಾಶಿಂಗ್' ಎಂಬ ಹೆಸರೂ ಬಂತು.

ನೋಡಿ, ಯುದ್ಧಕ್ಕೆಂದು ಹಾರಿಸಿದ ಉಪಗ್ರಹ ಮಕ್ಕಳ ಆಟಕ್ಕೆ ದಾರಿ ತೋರಿಸಿತು. ಆದರೂ ಅದು ಕರೆದೊಯ್ಯುವುದು ಡಬ್ಬಿಯ ಹತ್ತಿರಕ್ಕೆ ಮಾತ್ರ. ಕೊನೆಯ ಕೆಲವು ಮೀಟರ್ ಕಣ್ಣು, ಕೈಗಳೇ ಹುಡುಕಬೇಕು. ಕಡಲಂಚಿನ ಬಂಡೆಗಳ ಸಂದಿಯಲ್ಲಿಟ್ಟ ಡಬ್ಬಿಯಾದರೆ ಇಳಿತದ ಹೊತ್ತನ್ನೂ ನೋಡಿಕೊಂಡು ಹೋಗಬೇಕು. ಅದನ್ನು ಯಾವ ರೇಖಾಂಶವೂ ಹೇಳುವುದಿಲ್ಲ.

ಪೆರಟ್‌ನ ಬಾಟಲಿಗಾಗಲಿ ಅಲ್ಮರ್‌ನ ಬಕೆಟ್ಟಿಗಾಗಲಿ ಬೀಗ ಇರಲಿಲ್ಲ, ಕಾವಲಿರಲಿಲ್ಲ. ನಡುವಿನ 146 ವರ್ಷದಲ್ಲಿ ದಾರಿ ಹುಡುಕುವ ಉಪಕರಣ ಬದಲಾಯಿತು. ಬದಲಾಗದೆ ಉಳಿದದ್ದು ಇಷ್ಟೇ: ಮುಂದೆ ಬರುವವನ ಮುಖ ಕಾಣದೆಯೂ ಅವನನ್ನು ನಂಬುವುದು. ಡಬ್ಬಿಯೊಳಗಿನ ಗೋಲಿ, ಗೊಂಬೆಗಳಿಗೆ ಬೆಲೆ ಎಷ್ಟು ಮಹಾ? ಒಂದು ಗೊಂಬೆ ಎತ್ತಿಕೊಂಡ ಮಗು ತನ್ನ ಜೇಬಿನಿಂದ ಇನ್ನೊಂದು ತೆಗೆದು ಅಲ್ಲಿಡುತ್ತದಲ್ಲ, ನನಗೆ ನಿಧಿಯಾಗಿ ಕಾಣುವುದು ಅದು.